ಬಟನ್‌ಗಳಿಂದ ಪಾಠ ನಿಧಾನವಾದಾಗ: ಬಿಟ್‌ಮ್ಯಾಪ್ ಮತ್ತು ವೆಕ್ಟರ್ ನಡುವೆ ನಿರ್ಧರಿಸುವ ಮುನ್ನ ದೋಷವನ್ನು ಪತ್ತೆ ಮಾಡುವ ಕ್ರಮ

ಆ್ಯನಿಮೇಷನ್ ಮಾಡಲು ಬಳಸುತ್ತಿದ್ದ ಫ್ಲ್ಯಾಶ್ ತಂತ್ರಾಂಶದಲ್ಲಿ ತಯಾರಾಗಿದ್ದ ಕನ್ನಡದ ಪಾಠಗಳು, ರಸಪ್ರಶ್ನೆಗಳು ಮತ್ತು ಚಿತ್ರಕಥೆಗಳು ಇಂದಿಗೂ ಹಳೆಯ ಸಿ.ಡಿ.ಗಳಲ್ಲಿ ಉಳಿದುಕೊಂಡಿವೆ. ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ನ ಬೆಂಬಲವನ್ನು ಕೊನೆಗೊಳಿಸಿ, 2021ರ ಜನವರಿ 12ರಿಂದ ಪ್ಲೇಯರ್‌ನಲ್ಲಿ ಫ್ಲ್ಯಾಶ್ ಕಡತಗಳು ಓಡದಂತೆ ತಡೆದ ಮೇಲೆ, ಅವುಗಳನ್ನು ಮತ್ತೆ ಬಳಕೆಗೆ ತರಲು ಕೈಗೆ ಹತ್ತಿರವಾದ ದಾರಿಯೆಂದರೆ ಮೂಲ ಕಡತವನ್ನು ಫ್ಲ್ಯಾಶ್ ತಯಾರಿಕೆಯ ತಂತ್ರಾಂಶದ ಮುಂದಿನ ರೂಪವಾದ ಅಡೋಬಿ ಆ್ಯನಿಮೇಟ್‌ನಲ್ಲಿ ತೆರೆದು ಎಚ್‌ಟಿಎಂಎಲ್5 ಕ್ಯಾನ್ವಾಸ್ (ವೆಬ್ ಪುಟದಲ್ಲಿ ಚಿತ್ರ ಮೂಡಿಸುವ ಹಲಗೆ) ರೂಪಕ್ಕೆ ಪರಿವರ್ತಿಸಿ, ಫ್ಲ್ಯಾಶ್‌ನ ಪ್ರೋಗ್ರಾಂ ಭಾಷೆಯಾದ ಆ್ಯಕ್ಷನ್‌ಸ್ಕ್ರಿಪ್ಟ್‌ನಲ್ಲಿದ್ದ ಭಾಗವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಮರಳಿ ಬರೆಯುವುದು. ಹೀಗೆ ಪರಿವರ್ತಿಸಿದ ಪಾಠವು ತಯಾರಿಸಿದವರ ಕಂಪ್ಯೂಟರ್‌ನಲ್ಲಿ ಸರಾಗವಾಗಿ ಓಡಿ, ಶಾಲೆಯ ಕಂಪ್ಯೂಟರ್ ಕೊಠಡಿಯ ಹಳೆಯ ಯಂತ್ರದಲ್ಲಿ ಮಾತ್ರ ತಡವರಿಸುವುದು ಸಾಮಾನ್ಯವಾಗಿ ಕಾಣುವ ತೊಂದರೆ. ಗೆರೆ, ವಕ್ರರೇಖೆಗಳ ವಿವರವಾಗಿ ಉಳಿಸಿದ ಚಿತ್ರ ವೆಕ್ಟರ್; ಪಿಕ್ಸೆಲ್ ಎಂಬ ಬಣ್ಣದ ಚುಕ್ಕಿಗಳ ಜಾಲವಾಗಿ ಉಳಿಸಿದ್ದು ಬಿಟ್‌ಮ್ಯಾಪ್. ಪಾಠ ತಡವರಿಸಿದಾಗ ಮೊದಲು ಬರುವ ಸಲಹೆ "ವೆಕ್ಟರ್ ಬಟನ್‌ಗಳನ್ನೆಲ್ಲ ಬಿಟ್‌ಮ್ಯಾಪ್ ಮಾಡಿ" ಎಂಬುದು. ಕಡತದ ಗಾತ್ರ ನೋಡಿದವರು ಅದಕ್ಕೆ ವಿರುದ್ಧವಾಗಿ "ಬಿಟ್‌ಮ್ಯಾಪ್ ತೆಗೆದು ವೆಕ್ಟರ್ ಹಾಕಿ" ಎನ್ನುತ್ತಾರೆ. ಎರಡೂ ಸಲಹೆಗಳು ಕೆಲವು ಸಂದರ್ಭಗಳಲ್ಲಿ ಸರಿಯಾಗಿವೆ, ಆದರೆ ದೋಷ ಎಲ್ಲಿದೆ ಎಂದು ನೋಡದೆ ಇವುಗಳಲ್ಲಿ ಯಾವುದನ್ನು ಪಾಲಿಸಿದರೂ ದಿನಗಟ್ಟಲೆ ಕೆಲಸ ವ್ಯರ್ಥವಾಗುವ ಸಂಭವವಿದೆ.

ವೆಕ್ಟರ್ ಬಟನ್‌ನ ವೆಚ್ಚವನ್ನು ಅದನ್ನು ಪರದೆಯ ಮೇಲೆ ಬರೆದಾಗಲೆಲ್ಲ, ಅಂದರೆ ಚಿತ್ರಿಸಿದಾಗಲೆಲ್ಲ, ಕಂಪ್ಯೂಟರ್ ಲೆಕ್ಕಾಚಾರದ ಸಮಯದ ರೂಪದಲ್ಲಿ ತೆರಬೇಕು. ಬಿಟ್‌ಮ್ಯಾಪ್ ಬಟನ್‌ನ ವೆಚ್ಚವನ್ನು ಒಮ್ಮೆ ಲೋಡ್ ಆಗುವಾಗ, ಅನಂತರ ಅದು ಇರುವಷ್ಟು ಕಾಲ ಮೆಮೊರಿಯ ರೂಪದಲ್ಲಿ ತೆರಬೇಕು. ಆದ್ದರಿಂದ ಕಡತ ಎಷ್ಟು ಕಿಲೋಬೈಟ್ ಇದೆ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ, ಆ ಬಟನ್ ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಬರೆಯಲ್ಪಡುತ್ತಿದೆ ಎಂಬುದು. ಸಾಮಾನ್ಯ ವೆಬ್ ಪುಟದಲ್ಲಿ ಅಲುಗಾಡದೆ ಕುಳಿತ ಎಸ್‌ವಿಜಿ (ವೆಬ್‌ನ ವೆಕ್ಟರ್ ಚಿತ್ರರೂಪ) ಬಟನ್ ಅನ್ನು ಬ್ರೌಸರ್ ಒಮ್ಮೆ ಬರೆದು, ಅದರಲ್ಲಿ ಬದಲಾವಣೆ ಆಗುವವರೆಗೆ ಆ ಫಲಿತಾಂಶವನ್ನೇ ಬಳಸುತ್ತದೆ. ಆ್ಯನಿಮೇಟ್ ಹೊರಡಿಸುವ ಕ್ಯಾನ್ವಾಸ್ ಪಾಠದಲ್ಲಿ ಹಾಗಲ್ಲ. ಅದರ ಕೆಳಗೆ ಕೆಲಸ ಮಾಡುವ ಕ್ರಿಯೇಟ್‌ಜೆಎಸ್ ಗ್ರಂಥಾಲಯವು (ಸಿದ್ಧ ಜಾವಾಸ್ಕ್ರಿಪ್ಟ್ ಕೋಡ್‌ನ ಸಂಗ್ರಹ) ಪ್ರತಿ ಟಿಕ್‌ಗೂ, ಅಂದರೆ ಆ್ಯನಿಮೇಷನ್‌ನ ಪ್ರತಿ ಫ್ರೇಮ್‌ಗೂ, ಪಾಠ ನಡೆಯುವ ಇಡೀ ಸ್ಟೇಜ್ ಅನ್ನು ಅಳಿಸಿ, ಹಿನ್ನೆಲೆಯಿಂದ ಹಿಡಿದು ಕೊನೆಯ ಬಟನ್‌ನ ಕೊನೆಯ ಗೆರೆಯವರೆಗೆ ಮತ್ತೆ ಬರೆಯುತ್ತದೆ. ಸೆಕೆಂಡಿಗೆ 24 ಫ್ರೇಮ್‌ಗಳ ಪಾಠದಲ್ಲಿ, ಯಾರೂ ಮುಟ್ಟದ "ಮುಂದೆ" ಬಟನ್ ಕೂಡ ನಿಮಿಷಕ್ಕೆ 1,440 ಸಲ ಬರೆಯಲ್ಪಡುತ್ತದೆ.

ಲಕ್ಷಣವನ್ನು ಗುರುತಿಸುವುದು

ಪಾಠ ನಿಧಾನವಾಗಿದೆ ಎಂಬ ಒಂದೇ ದೂರಿನ ಹಿಂದೆ ಬೇರೆ ಬೇರೆ ದೋಷಗಳು ಇರಬಹುದು. ಅವು ಹೊರಗೆ ತೋರುವ ರೀತಿಯಲ್ಲೇ ಸಾಕಷ್ಟು ಬೇರ್ಪಡುತ್ತವೆ. ಯಾರೂ ಏನನ್ನೂ ಮುಟ್ಟದಿದ್ದಾಗಲೂ ಆ್ಯನಿಮೇಷನ್ ತಡೆತಡೆದು ಓಡುತ್ತಿದ್ದರೆ ಬರೆಯುವ ವೆಚ್ಚವನ್ನು ಮೊದಲು ಅನುಮಾನಿಸಬೇಕು. ಸುಮ್ಮನಿದ್ದಾಗ ಸರಾಗವಾಗಿದ್ದು, ಮೌಸ್ ಅಲುಗಾಡಿಸಿದಾಗ ಮಾತ್ರ ತಡವರಿಸಿದರೆ, ಮೌಸ್ ಯಾವ ಬಟನ್ ಮೇಲಿದೆ ಎಂದು ಪತ್ತೆ ಹಚ್ಚುವ ಕೆಲಸವೇ ದುಬಾರಿಯಾಗಿದೆ. ಬಟನ್ ಅನ್ನು ಮೊದಲ ಸಲ ಒತ್ತಿದಾಗ ಮಾತ್ರ ತಡವಾಗಿ, ಎರಡನೆಯ ಸಲದಿಂದ ಸರಿಹೋದರೆ ಲೋಡಿಂಗ್ ಕಡೆಗೆ ನೋಡಬೇಕು. ಆರಂಭದಲ್ಲಿ ಚೆನ್ನಾಗಿದ್ದು, ನಾಲ್ಕಾರು ಪುಟ ಹಿಂದೆ ಮುಂದೆ ಓಡಾಡಿದ ಮೇಲೆ ಹಂತಹಂತವಾಗಿ ಭಾರವಾಗುತ್ತಿದ್ದರೆ ಮೆಮೊರಿ ಅಥವಾ ಲಿಸನರ್‌ಗಳ (ಬಟನ್ ಒತ್ತಿದಾಗ ಓಡುವ ಕೋಡ್) ತೊಂದರೆ ಇದೆ.

ಮೂರನೆಯ ಲಕ್ಷಣಕ್ಕೂ ಬಟನ್‌ನ ಚಿತ್ರಕ್ಕೂ ಎಷ್ಟೋ ವೇಳೆ ಸಂಬಂಧವೇ ಇರುವುದಿಲ್ಲ. ಬಟನ್‌ಗೆ ಜೋಡಿಸಿದ "ಟಿಕ್" ಸದ್ದನ್ನು ತೆಗೆದು ಒಮ್ಮೆ ಪರೀಕ್ಷಿಸಬೇಕು. ಬಳಕೆದಾರರು ಮೊದಲ ಸಲ ಮುಟ್ಟುವವರೆಗೆ ಬ್ರೌಸರ್‌ಗಳು ಧ್ವನಿಯನ್ನು ತಡೆದಿಡುವುದರಿಂದ, ಆ ಮೊದಲ ಒತ್ತುವಿಕೆಯಲ್ಲಿ ಧ್ವನಿ ವ್ಯವಸ್ಥೆ ಎಚ್ಚೆತ್ತುಕೊಳ್ಳುವ ವಿಳಂಬವನ್ನು ಬಟನ್‌ನ ವಿಳಂಬವೆಂದು ತಪ್ಪಾಗಿ ತಿಳಿಯುವುದುಂಟು.

ನಾಲ್ಕನೆಯ ಲಕ್ಷಣದಲ್ಲಿ ಒಂದು ಪರಿಚಿತ ದೋಷವನ್ನು ಮೊದಲೇ ನೋಡಿಬಿಡುವುದು ಒಳ್ಳೆಯದು. ಫ್ರೇಮ್‌ನಲ್ಲಿ ಬರೆದ ಸ್ಕ್ರಿಪ್ಟ್, ಪ್ಲೇಹೆಡ್ (ಈಗ ಓಡುತ್ತಿರುವ ಫ್ರೇಮ್‌ನ ಸೂಚಕ) ಆ ಫ್ರೇಮ್‌ಗೆ ಬಂದಾಗಲೆಲ್ಲ ಓಡುತ್ತದೆ; ಅಲ್ಲಿ ಬಟನ್‌ಗೆ ಲಿಸನರ್ ಸೇರಿಸಿದ್ದರೆ, ಓದುಗರು ಮೆನುಗೆ ಮೂರನೆಯ ಸಲ ಬರುವ ಹೊತ್ತಿಗೆ ಒಂದು ಒತ್ತುವಿಕೆಗೆ ಅದೇ ಕೆಲಸ ಮೂರು ಸಲ ನಡೆಯುತ್ತದೆ. ಒಂದೇ ಒತ್ತಿಗೆ ಎರಡು ಪುಟ ಹಾರುವುದು, ಸದ್ದು ದಪ್ಪವಾಗಿ ಕೇಳುವುದು, ಅಂಕ ಎರಡರಷ್ಟು ಏರುವುದು ಇದರ ಗುರುತುಗಳು. ಲಿಸನರ್ ಈಗಾಗಲೇ ಇದೆಯೇ ಎಂದು ನೋಡಿ ಸೇರಿಸಿದರೆ ದೋಷ ಅಲ್ಲಿಗೇ ಮುಗಿಯುತ್ತದೆ, ಚಿತ್ರವನ್ನು ಮುಟ್ಟಬೇಕಾಗಿಲ್ಲ.

ಅಳೆಯುವುದು

ಪಾಠವು ಕೊನೆಗೆ ಓಡಬೇಕಾದ ಯಂತ್ರಗಳ ಪೈಕಿ ಅತ್ಯಂತ ದುರ್ಬಲವಾದದ್ದನ್ನು ಎದುರಿಗಿಟ್ಟುಕೊಂಡು ಅಳೆಯಬೇಕೆಂಬುದು ನನ್ನ ದೃಢ ಅಭಿಪ್ರಾಯ. ಅದು ಸಿಗದಿದ್ದಲ್ಲಿ ಕ್ರೋಮ್ ಬ್ರೌಸರ್‌ನ ಪರೀಕ್ಷಾ ಸಾಧನವಾದ ಡೆವ್‌ಟೂಲ್ಸ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ವೇಗವನ್ನು ನಾಲ್ಕು ಪಟ್ಟು ಅಥವಾ ಆರು ಪಟ್ಟು ಕುಗ್ಗಿಸಿ ನೋಡಬಹುದು. ಆದರೆ ಈ ಕುಗ್ಗಿಸುವಿಕೆ ಗ್ರಾಫಿಕ್ಸ್ ಭಾಗಕ್ಕೆ ಅನ್ವಯಿಸುವುದಿಲ್ಲ ಎಂಬುದು ನೆನಪಿನಲ್ಲಿರಬೇಕು. ಕ್ರಿಯೇಟ್‌ಜೆಎಸ್‌ನ ಟಿಕರ್ ತನ್ನ ನಿಜವಾದ ಫ್ರೇಮ್ ದರವನ್ನೂ ಒಂದು ಟಿಕ್‌ಗೆ ಹಿಡಿದ ಸಮಯವನ್ನೂ ಹೇಳಬಲ್ಲದು. ಅವೆರಡನ್ನೂ ಪರದೆಯ ಮೂಲೆಯಲ್ಲಿ ತೋರಿಸುವ ಸಾಲೊಂದನ್ನು ಪರೀಕ್ಷೆ ಮುಗಿಯುವವರೆಗೆ ಇಟ್ಟುಕೊಳ್ಳಿ. 24 ಫ್ರೇಮ್ ದರದಲ್ಲಿ ಪ್ರತಿ ಫ್ರೇಮ್‌ಗೆ ಸಿಗುವ ಅವಕಾಶ ಸುಮಾರು 41.7 ಮಿಲಿಸೆಕೆಂಡ್, 60 ಫ್ರೇಮ್ ದರದಲ್ಲಿ ಸುಮಾರು 16.7 ಮಿಲಿಸೆಕೆಂಡ್. ಪರಿವರ್ತನೆಯ ವೇಳೆ ಯಾರಾದರೂ ಫ್ರೇಮ್ ದರವನ್ನು 60ಕ್ಕೆ ಏರಿಸಿದ್ದರೆ, ಹಳೆಯ ಪಾಠಕ್ಕೆ ಅದು ಬೇಕೇ ಎಂದು ಈ ಹಂತದಲ್ಲೇ ಕೇಳಿಕೊಳ್ಳಬೇಕು.

ಅನಂತರದ ಪ್ರಯೋಗಗಳು ಸರಳ, ಆದರೆ ಕ್ರಮ ತಪ್ಪಬಾರದು. ಮೊದಲು ಬಟನ್‌ಗಳೆಲ್ಲವನ್ನೂ ಅಡಗಿಸಿ ಅಳೆಯಿರಿ. ಸಮಯ ಇಳಿಯದಿದ್ದರೆ ತಪ್ಪು ಬಟನ್‌ಗಳದ್ದಲ್ಲ. ದೊಡ್ಡ ಹಿನ್ನೆಲೆ ಚಿತ್ರವನ್ನೋ ಪಾತ್ರಗಳ ಆ್ಯನಿಮೇಷನ್ ಅನ್ನೋ ಪರಿಶೀಲಿಸಬೇಕು. ಸಮಯ ಇಳಿದರೆ, ಬಟನ್‌ಗಳನ್ನು ಮರಳಿ ತೋರಿಸಿ, ಅವುಗಳ ನೆರಳು ಮತ್ತು ಹೊಳಪಿನ ಪರಿಣಾಮಗಳನ್ನು ಮಾತ್ರ ತೆಗೆದು ಅಳೆಯಿರಿ. ಆ್ಯನಿಮೇಟ್‌ನ ಡ್ರಾಪ್ ಶ್ಯಾಡೋ ಮತ್ತು ಗ್ಲೋ ಪರಿಣಾಮಗಳು ಕ್ಯಾನ್ವಾಸ್‌ನಲ್ಲಿ ಮಸುಕಾದ ನೆರಳಾಗಿ ಪ್ರತಿ ಫ್ರೇಮ್‌ನಲ್ಲೂ ಹೊಸದಾಗಿ ಲೆಕ್ಕವಾಗುತ್ತವೆ, ಮತ್ತು ಆ ಒಂದು ಲೆಕ್ಕ ಉಳಿದೆಲ್ಲ ಗೆರೆಗಳನ್ನು ಬರೆಯುವುದಕ್ಕಿಂತ ಹೆಚ್ಚಿನ ಸಮಯವನ್ನು ನುಂಗಬಲ್ಲದು. ನೆರಳು ತೆಗೆದ ಕೂಡಲೇ ಪಾಠ ಸರಿಹೋದರೆ, ನೆರಳಿನ ಬದಲು ಕೆಳಗೆ ಸ್ವಲ್ಪ ಕಪ್ಪಾದ ಇನ್ನೊಂದು ಆಕಾರವನ್ನು ಇಟ್ಟು ಕೆಲಸ ಮುಗಿಸಬಹುದು, ಬಿಟ್‌ಮ್ಯಾಪ್‌ನ ಮಾತೇ ಬರುವುದಿಲ್ಲ. ನೆರಳು ತೆಗೆದರೂ ಇಳಿಯದಿದ್ದಲ್ಲಿ, ಅದೇ ಅಳತೆಯ ಬರಿಯ ಆಯತಗಳನ್ನು ಬಟನ್‌ಗಳ ಜಾಗದಲ್ಲಿಟ್ಟು ನೋಡಿ. ಆಗ ಇಳಿಯುವ ಸಮಯವೇ ನಿಮ್ಮ ವೆಕ್ಟರ್ ಚಿತ್ರದ ಜಟಿಲತೆಗೆ ತೆರುತ್ತಿರುವ ಬೆಲೆ.

ಮೌಸ್ ಅಲುಗಾಡಿದಾಗಿನ ತಡವರಿಕೆಗೆ ಬೇರೆಯೇ ಕಾರಣವಿದೆ. ಬಿಂದುವೊಂದು ಬಟನ್ ಮೇಲಿದೆಯೇ ಎಂದು ತಿಳಿಯಲು ಕ್ರಿಯೇಟ್‌ಜೆಎಸ್ ಆ ಬಟನ್ ಅನ್ನು ಒಂದೇ ಪಿಕ್ಸೆಲ್‌ನ ಗುಪ್ತ ಕ್ಯಾನ್ವಾಸ್ ಮೇಲೆ ಬರೆದು, ಆ ಪಿಕ್ಸೆಲ್‌ಗೆ ಬಣ್ಣ ಬಂತೇ ಎಂದು ಪರೀಕ್ಷಿಸುತ್ತದೆ. ಮೌಸ್ ಓವರ್ ಪರೀಕ್ಷೆಯನ್ನು ಚಾಲೂ ಮಾಡಿದ್ದರೆ, ಇದು ಮೂಲ ಹೊಂದಿಕೆಯಂತೆ ಸೆಕೆಂಡಿಗೆ 20 ಸಲದವರೆಗೆ ನಡೆಯಬಹುದು. ಪ್ರತಿ ಬಟನ್‌ಗೂ ಒಂದು ಸರಳ ಆಯತವನ್ನು ಹಿಟ್ ಏರಿಯಾ ಆಗಿ ಕೊಟ್ಟರೆ ಪರೀಕ್ಷೆಗೆ ಆ ಆಯತವಷ್ಟೇ ಬರೆಯಲ್ಪಡುತ್ತದೆ. ಬಟನ್ ಒಳಗಿನ ಬಿಡಿ ಭಾಗಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸದಂತೆ ಮೌಸ್ ಚಿಲ್ಡ್ರನ್ ಗುಣವನ್ನೂ ನಿಲ್ಲಿಸಬೇಕು. ಸ್ಪರ್ಶ ಪರದೆಗೆಂದೇ ಮಾಡಿದ ಪಾಠದಲ್ಲಿ ಮೌಸ್ ಓವರ್ ಬೇಕಾಗಿಯೇ ಇಲ್ಲ, ಅದನ್ನು ಪೂರ್ತಿ ತೆಗೆಯಬಹುದು. ಅಕ್ಷರಗಳ ನಡುವಿನ ಖಾಲಿ ಜಾಗ ಮುಟ್ಟಿದಾಗ ಬಟನ್ ಸ್ಪಂದಿಸದಿರುವ ದೂರು ಬಂದಿದ್ದರೆ ಅದೂ ಈ ಹಿಟ್ ಏರಿಯಾದಿಂದಲೇ ಪರಿಹಾರವಾಗುತ್ತದೆ.

ಕನ್ನಡ ಅಕ್ಷರಗಳು ತರುವ ಭಾರ

ಕನ್ನಡದ ಹಳೆಯ ಪಾಠಗಳಲ್ಲಿ ವೆಕ್ಟರ್ ಬಟನ್‌ನ ಜಟಿಲತೆ ಬಹುಪಾಲು ಅಲಂಕಾರದಿಂದ ಬಂದದ್ದಲ್ಲ, ಬರಹದಿಂದ ಬಂದದ್ದು. ಯೂನಿಕೋಡ್ ನೆಲೆಗೊಳ್ಳುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಆಸ್ಕಿ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು. ಅದನ್ನು ತಪ್ಪಿಸಲು ಬ್ರೇಕ್ ಅಪಾರ್ಟ್ ಆಜ್ಞೆಯನ್ನು ಎರಡು ಸಲ ಕೊಟ್ಟು ಬರಹವನ್ನು ಬರಿಯ ಆಕಾರವಾಗಿಸುವ ರೂಢಿ ಇತ್ತು, ಮತ್ತು ಆ ಕಾಲಕ್ಕೆ ಅದು ವಿವೇಕದ ಕ್ರಮವೇ ಆಗಿತ್ತು. ಈಗಲೂ ಆ್ಯನಿಮೇಟ್‌ನಲ್ಲಿ ಸ್ಟ್ಯಾಟಿಕ್ ಪಠ್ಯವೆಂದು ಇಟ್ಟಿದ್ದು ಕ್ಯಾನ್ವಾಸ್‌ಗೆ ಹೊರಡುವಾಗ ಔಟ್‌ಲೈನ್ (ಅಕ್ಷರದ ಆಕಾರದ ಗೆರೆಗಳು) ಆಗಿಯೇ ಹೋಗುತ್ತದೆ. ಕನ್ನಡದ ಲಿಪಿ ದುಂಡಗಿನದು; "ಪ್ರಶ್ನೋತ್ತರ" ಎಂಬ ಒಂದು ಪದದಲ್ಲಿ ಮೂಲಾಕ್ಷರ, ಒತ್ತು, ಕೊಂಬು, ದೀರ್ಘ ಎಲ್ಲವೂ ವಕ್ರರೇಖೆಗಳೇ, ಅವುಗಳ ಒಳಗಿನ ಖಾಲಿ ಜಾಗಗಳಿಗೂ ತಮ್ಮದೇ ರೇಖೆಗಳಿವೆ. ಅದಕ್ಕೆ ಗ್ರೇಡಿಯಂಟ್ ಬಣ್ಣ, ಸುತ್ತ ಬಿಳಿಯ ಅಂಚು, ಹಿಂದೆ ನೆರಳಿಗಾಗಿ ಅದೇ ಪದದ ಇನ್ನೊಂದು ಪ್ರತಿ ಸೇರಿದರೆ, ಬಟನ್‌ನ ತಟ್ಟೆಗಿಂತ ಅದರ ಮೇಲಿನ ಹೆಸರೇ ಎಷ್ಟೋ ಪಾಲು ಭಾರವಾಗುತ್ತದೆ. ಸ್ಕ್ಯಾನ್ ಮಾಡಿದ ಕೈಬರಹವನ್ನು ಟ್ರೇಸ್ ಬಿಟ್‌ಮ್ಯಾಪ್ ಆಜ್ಞೆಯಿಂದ ವೆಕ್ಟರ್ ಮಾಡಿದ್ದರಂತೂ ಪರಿಸ್ಥಿತಿ ಇನ್ನೂ ಕಷ್ಟ, ಏಕೆಂದರೆ ಕಾಗದದ ಪ್ರತಿ ಕಲೆಯೂ ಅಲ್ಲಿ ಒಂದು ಆಕಾರವಾಗಿ ಉಳಿದಿರುತ್ತದೆ.

ಈ ಬರಹವನ್ನು ಯೂನಿಕೋಡ್‌ನಲ್ಲಿ ಮತ್ತೆ ಬೆರಳಚ್ಚು ಮಾಡಿ ಡೈನಾಮಿಕ್ ಪಠ್ಯವಾಗಿ (ಪಾಠ ಓಡುವಾಗ ಫಾಂಟ್‌ನಿಂದ ಮೂಡುವ ಪಠ್ಯ) ಇಟ್ಟರೆ, ಅಕ್ಷರ ಜೋಡಣೆಯನ್ನು ಬ್ರೌಸರ್ ತಾನೇ ಮಾಡಿ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ಫಾಂಟ್ ಅನ್ನು ಪಾಠದ ಜೊತೆಯಲ್ಲೇ ಕೊಡಬೇಕು. ನೋಟೋ ಸಾನ್ಸ್ ಕನ್ನಡದಂತಹ ಮುಕ್ತ ಫಾಂಟ್ ಇದಕ್ಕೆ ಅನುಕೂಲ. ಬೆರಳಚ್ಚಿನ ಶ್ರಮ ಇದ್ದೇ ಇದೆ, ಆದರೆ ಕಾಗುಣಿತದ ತಪ್ಪನ್ನು ಮುಂದೆ ಯಾರಾದರೂ ತಿದ್ದಬಹುದಾದ ಸ್ಥಿತಿಗೆ ಪಾಠ ಬರುತ್ತದೆ ಎಂಬುದು ನನ್ನ ದೃಷ್ಟಿಯಲ್ಲಿ ವೇಗಕ್ಕಿಂತ ದೊಡ್ಡ ಲಾಭ.

ಬಿಟ್‌ಮ್ಯಾಪ್‌ಗೆ ಬದಲಿಸುವ ಮೊದಲು ಮೆಮೊರಿಯ ಲೆಕ್ಕ

ಪಿಎನ್‌ಜಿ ಕಡತದ ಗಾತ್ರ ನೋಡಿ ಬಿಟ್‌ಮ್ಯಾಪ್ ಹಗುರವೆಂದು ಭಾವಿಸುವುದು ಈ ವಿಷಯದಲ್ಲಿ ಪದೇ ಪದೇ ಆಗುವ ತಪ್ಪು. ಡಿಸ್ಕ್‌ನಲ್ಲಿ ಎಷ್ಟೇ ಕುಗ್ಗಿದ್ದರೂ, ಬಿಚ್ಚಿದ ಮೇಲೆ ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಬೇಕು. 300 ಅಗಲ, 100 ಎತ್ತರದ ಬಟನ್ ಅನ್ನು ಸಾಂದ್ರ ಪರದೆಗಾಗಿ ಎರಡು ಪಟ್ಟು ಅಳತೆಯಲ್ಲಿ ಇಟ್ಟರೆ 600 ಗುಣಿಸು 200, ಅಂದರೆ 1,20,000 ಪಿಕ್ಸೆಲ್, 4,80,000 ಬೈಟ್. ಸಾಮಾನ್ಯ, ಮೌಸ್ ಮೇಲಿದ್ದಾಗ, ಒತ್ತಿದಾಗ ಎಂಬ ಮೂರು ಸ್ಥಿತಿಗಳುಳ್ಳ 24 ಬಟನ್‌ಗಳಿಗೆ ಇದು 3,45,60,000 ಬೈಟ್, ಸುಮಾರು 33 ಎಂಬಿ ಆಗುತ್ತದೆ. 8 ಬಿಟ್ ಬಣ್ಣಗಳಿಗೆ ಇಳಿಸಿದರೆ ಕಡತ ಚಿಕ್ಕದಾಗುತ್ತದೆಯೇ ಹೊರತು ಬ್ರೌಸರ್‌ನೊಳಗಿನ ಈ ಲೆಕ್ಕ ಸಾಮಾನ್ಯವಾಗಿ ಬದಲಾಗುವುದಿಲ್ಲ. ಹೋಲಿಕೆಗೆ, 1920 ಗುಣಿಸು 1080ರ ಒಂದೇ ಹಿನ್ನೆಲೆ ಚಿತ್ರಕ್ಕೆ ಸುಮಾರು 8 ಎಂಬಿ ಬೇಕು. ಹತ್ತು ಹಿನ್ನೆಲೆಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಂಡ ಪಾಠದಲ್ಲಿ ಬಟನ್‌ಗಳ ಮೆಮೊರಿಯ ಬಗ್ಗೆ ಚಿಂತಿಸುವ ಮೊದಲು ಅವುಗಳನ್ನು ಬಿಡಿಸುವುದು ಲೇಸು.

ಮೂಲ ವೆಕ್ಟರ್, ಓಡುವಾಗ ಬಿಟ್‌ಮ್ಯಾಪ್

ನನ್ನ ಶಿಫಾರಸು ಇದು: ಬಟನ್‌ನ ಮೂಲ ಕಡತದಲ್ಲಿ ವೆಕ್ಟರ್ ಇರಲಿ, ಪಾಠ ತೆರೆದಾಗ, ಆ ಪರದೆಗೆ ತಕ್ಕ ಅಳತೆಯಲ್ಲಿ ಅದನ್ನು ಒಮ್ಮೆ ಬಿಟ್‌ಮ್ಯಾಪ್ ಆಗಿ ಕ್ಯಾಶ್ ಮಾಡಿಕೊಳ್ಳಲಿ, ಅಂದರೆ ಮತ್ತೆ ಮತ್ತೆ ಬಳಸಲು ಮೆಮೊರಿಯಲ್ಲಿ ತೆಗೆದಿಟ್ಟುಕೊಳ್ಳಲಿ. ಫ್ಲ್ಯಾಶ್ ಬಳಸಿದವರಿಗೆ ಕ್ಯಾಶ್ ಆ್ಯಸ್ ಬಿಟ್‌ಮ್ಯಾಪ್ ಎಂಬ ಹೆಸರಿನಲ್ಲಿ ಇದು 2005ರ ಫ್ಲ್ಯಾಶ್ 8ರಿಂದಲೇ ಗೊತ್ತು. ಆದರೆ ಒಂದು ವ್ಯತ್ಯಾಸವಿದೆ. ಫ್ಲ್ಯಾಶ್‌ನಲ್ಲಿ ಕ್ಯಾಶ್ ಮಾಡಿದ ವಸ್ತುವನ್ನು ತಿರುಗಿಸಿದರೆ ಅಥವಾ ಹಿಗ್ಗಿಸಿದರೆ ಕ್ಯಾಶ್ ಮತ್ತೆ ತಯಾರಾಗುತ್ತಿತ್ತು. ಕ್ರಿಯೇಟ್‌ಜೆಎಸ್‌ನಲ್ಲಿ ನಾವಾಗಿ ನವೀಕರಿಸುವವರೆಗೆ ಅದೇ ಚಿತ್ರ ತಿರುಗುತ್ತದೆ, ಹಿಗ್ಗುತ್ತದೆ. ಹೀಗಾಗಿ ವೇಗ ಕೆಡುವುದಿಲ್ಲ, ಆದರೆ ಹೆಚ್ಚು ಹಿಗ್ಗಿಸಿದರೆ ಮಸುಕಾಗುತ್ತದೆ.

ಈ ಬದಲಾವಣೆಯ ನಂತರ ಕಾಣುವ ದೋಷಗಳು ಗುರುತಿಸಬಹುದಾದಂಥವು. ಬಟನ್ ಒತ್ತಿದರೂ ಬಣ್ಣ ಬದಲಾಗದಿದ್ದರೆ, ಸ್ಥಿತಿಗಳನ್ನು ಹೊತ್ತ ಹೊರಗಿನ ಮೂವಿಕ್ಲಿಪ್ (ತನ್ನದೇ ಫ್ರೇಮ್‌ಗಳುಳ್ಳ ವಸ್ತು) ಅನ್ನೇ ಕ್ಯಾಶ್ ಮಾಡಲಾಗಿದೆ, ಅದು ಮೊದಲ ಸ್ಥಿತಿಯಲ್ಲೇ ನಿಂತುಹೋಗಿದೆ. ಪ್ರತಿ ಸ್ಥಿತಿಯ ಒಳಗಿನ ಚಿತ್ರವನ್ನು ಪ್ರತ್ಯೇಕ ಸಿಂಬಲ್ (ಮರುಬಳಕೆಯ ಘಟಕ) ಮಾಡಿ ಅದನ್ನು ಕ್ಯಾಶ್ ಮಾಡಬೇಕು. ಇದನ್ನು ಸರಿಪಡಿಸಲು ಪ್ರತಿ ಫ್ರೇಮ್‌ನಲ್ಲೂ ಕ್ಯಾಶ್ ನವೀಕರಿಸುವ ಉಪಾಯ ಬೇಡವೇ ಬೇಡ, ಅದು ಕ್ಯಾಶ್ ಇಲ್ಲದಿದ್ದಾಗಿನ ವೆಚ್ಚಕ್ಕಿಂತ ಹೆಚ್ಚಾಗುತ್ತದೆ. ನೆರಳಿನ ಅಂಚು ಕತ್ತರಿಸಿದಂತೆ ಕಂಡರೆ ಕ್ಯಾಶ್ ಮಾಡಿದ ಆಯತದಲ್ಲಿ ನೆರಳಿನ ಹರವು ಸೇರಿಲ್ಲ. ಇಡೀ ಬಟನ್ ಮಂಜಾಗಿ ಕಂಡರೆ ಕ್ಯಾಶ್‌ನ ಸ್ಕೇಲ್ ತಪ್ಪಿದೆ: 1280 ಗುಣಿಸು 720ರ ಸ್ಟೇಜ್, ಪಿಕ್ಸೆಲ್ ಅನುಪಾತ ಎರಡಿರುವ ಪರದೆಯಲ್ಲಿ 2560 ಗುಣಿಸು 1440 ಆಗಿ ಬರೆಯಲ್ಪಡುವಾಗ, ಕ್ಯಾಶ್ ಕೂಡ ಎರಡರ ಸ್ಕೇಲ್‌ನಲ್ಲಿ ತಯಾರಾಗಬೇಕು. ಬ್ರೌಸರ್ ಕಿಟಕಿಯ ಅಳತೆ ಬದಲಾದಾಗ ಒಮ್ಮೆ ನವೀಕರಿಸುವುದು ಇದೇ ಕಾರಣಕ್ಕೆ ಅಗತ್ಯ. ಅಂಚು ಮಾತ್ರ ಸ್ವಲ್ಪ ಮಸುಕಾಗಿದ್ದರೆ ಬಟನ್‌ನ ಸ್ಥಾನ ಪೂರ್ಣಾಂಕದಲ್ಲಿಲ್ಲ.

ಬಟನ್‌ನ ಹೆಸರು ಬೇರೆ ಫಾಂಟ್‌ನಲ್ಲಿ, ಅಥವಾ ಖಾಲಿ ಚೌಕಗಳಾಗಿ ಬಂದು ಹಾಗೆಯೇ ಉಳಿದುಬಿಟ್ಟರೆ, ವೆಬ್ ಫಾಂಟ್ ಬರುವ ಮೊದಲೇ ಕ್ಯಾಶ್ ತಯಾರಾಗಿದೆ. ಪುಟದ ಬೇರೆಲ್ಲೂ ಬಳಸದ, ಕ್ಯಾನ್ವಾಸ್‌ನಲ್ಲಿ ಮಾತ್ರ ಬಳಸುವ ಫಾಂಟ್ ಅನ್ನು ಬ್ರೌಸರ್ ಮುಂಚಿತವಾಗಿ ತರಿಸಿಕೊಳ್ಳುವುದಿಲ್ಲ. ಫಾಂಟ್‌ಗಳೆಲ್ಲ ಸಿದ್ಧ ಎಂಬ ಸಂಕೇತಕ್ಕೆ ಕಾಯುವುದಷ್ಟೇ ಸಾಲದು, ಆ ಫಾಂಟ್ ಅನ್ನು ಹೆಸರಿಸಿ ಲೋಡ್ ಮಾಡಲು ಹೇಳಿ, ಅದು ಬಂದ ಮೇಲೆ ಕ್ಯಾಶ್ ಮಾಡಬೇಕು. ಇಂಗ್ಲಿಷ್ ಪಾಠದಲ್ಲಿ ಬದಲಿ ಫಾಂಟ್ ಬಂದರೆ ಯಾರಿಗೂ ಗೊತ್ತಾಗದೆ ಹೋಗಬಹುದು, ಕನ್ನಡ ಫಾಂಟ್ ಅಳವಡಿಸದ ಯಂತ್ರದಲ್ಲಿ ಮಕ್ಕಳು ಖಾಲಿ ಚೌಕಗಳನ್ನು ನೋಡುತ್ತಾರೆ.

ಸಿದ್ಧ ಪಿಎನ್‌ಜಿ ಚಿತ್ರಗಳಿಗೆ ಬದಲಿಸಿದವರಿಗೆ ಎದುರಾಗುವ ಇನ್ನೊಂದು ತೊಂದರೆ ಹೆಚ್ಚು ಗೊಂದಲ ಹುಟ್ಟಿಸುವಂಥದ್ದು: ಸರ್ವರ್‌ನಿಂದ ತೆರೆದಾಗ ಸರಿಯಾಗಿದ್ದ ಬಟನ್‌ಗಳು, ಪೆನ್‌ಡ್ರೈವ್‌ನಿಂದ ನೇರವಾಗಿ ತೆರೆದಾಗ ಚೆನ್ನಾಗಿ ಕಾಣುತ್ತವೆ, ಆದರೆ ಒತ್ತಿದರೆ ಏನೂ ಆಗುವುದಿಲ್ಲ. ಸ್ಥಳೀಯ ಕಡತದಿಂದ ಬಂದ ಚಿತ್ರವನ್ನು ಬರೆದ ಕ್ಯಾನ್ವಾಸ್‌ನ ಪಿಕ್ಸೆಲ್‌ಗಳನ್ನು ಓದಲು ಬ್ರೌಸರ್ ಭದ್ರತೆಯ ಕಾರಣಕ್ಕೆ ಬಿಡುವುದಿಲ್ಲ, ಮತ್ತು ಮೇಲೆ ಹೇಳಿದ ಒಂದು ಪಿಕ್ಸೆಲ್‌ನ ಪರೀಕ್ಷೆ ಅಲ್ಲಿಗೇ ಮುರಿದುಬೀಳುತ್ತದೆ. ಬ್ರೌಸರ್ ದೋಷಸಂದೇಶ ತೋರಿಸುವ ಕನ್ಸೋಲ್‌ನಲ್ಲಿ ಭದ್ರತಾ ನಿರ್ಬಂಧದ ಸಂದೇಶ ಕಂಡರೆ ಇದೇ ದೋಷ. ಅಂತರ್ಜಾಲವಿಲ್ಲದ ಶಾಲೆಗಳಿಗೆ ಪಾಠವನ್ನು ಪೆನ್‌ಡ್ರೈವ್‌ನಲ್ಲಿ ಕಳುಹಿಸುವವರು ಪ್ರತಿ ಬಿಟ್‌ಮ್ಯಾಪ್ ಬಟನ್‌ಗೂ ವೆಕ್ಟರ್ ಆಯತದ ಹಿಟ್ ಏರಿಯಾ ಕೊಡಬೇಕು, ಇಲ್ಲವೇ ಯಂತ್ರದಲ್ಲೇ ಒಂದು ಚಿಕ್ಕ ಸರ್ವರ್ ಓಡಿಸಬೇಕು. ಹಲವು ಚಿತ್ರಗಳನ್ನು ಒಂದೇ ಕಡತದಲ್ಲಿ ಜೋಡಿಸಿದ ಸ್ಪ್ರೈಟ್ ಶೀಟ್ ಬಳಸಿದ್ದರೆ ಚಿತ್ರಗಳ ನಡುವೆ ಒಂದೆರಡು ಪಿಕ್ಸೆಲ್ ಖಾಲಿ ಜಾಗ ಬಿಡಿ. ಬಿಡದಿದ್ದರೆ ಅಳತೆ ಹಿಗ್ಗಿದಾಗ ಪಕ್ಕದ ಬಟನ್‌ನ ಬಣ್ಣ ಅಂಚಿನಲ್ಲಿ ಗೆರೆಯಾಗಿ ಇಣುಕುತ್ತದೆ.

ವೆಕ್ಟರ್ ಅನ್ನು ಹಾಗೆಯೇ ಬಿಡಬಹುದಾದ ಸಂದರ್ಭ

ಬಟನ್ ಎಂದರೆ ಒಂದೇ ಬಣ್ಣದ ದುಂಡು ಮೂಲೆಯ ಆಯತ ಮತ್ತು ಒಂದು ಬಾಣ ಮಾತ್ರವಾಗಿದ್ದರೆ ಕ್ಯಾಶ್ ಮಾಡಿ ಗಳಿಸುವುದು ಏನೂ ಇಲ್ಲ, ಮೆಮೊರಿ ಮಾತ್ರ ಖರ್ಚು. ನಕಾಶೆಯಂತೆ ಹಿಗ್ಗಿಸಿ ಕುಗ್ಗಿಸಿ ನೋಡುವ ಪುಟದ ಮೇಲಿನ ಗುರುತುಗಳಿಗೂ ವೆಕ್ಟರೇ ಸೂಕ್ತ. ಇದಲ್ಲದೆ, ಮರಳಿ ಬರೆಯುವುದನ್ನೇ ತಪ್ಪಿಸಿದರೆ ಆಯ್ಕೆಯ ಒತ್ತಡವೇ ಕಡಿಮೆಯಾಗುತ್ತದೆ: ಅಲುಗಾಟವಿಲ್ಲದ ಮೆನು ಪುಟದಲ್ಲಿ ಬದಲಾವಣೆ ಆದಾಗ ಮಾತ್ರ ಸ್ಟೇಜ್ ಅನ್ನು ನವೀಕರಿಸಬಹುದು, ಕೆಳಗಿನ ಕ್ಯಾನ್ವಾಸ್‌ನಲ್ಲಿ ಆ್ಯನಿಮೇಷನ್, ಮೇಲಿನ ಕ್ಯಾನ್ವಾಸ್‌ನಲ್ಲಿ ಬಟನ್‌ಗಳು ಎಂದು ಎರಡು ಸ್ಟೇಜ್ ಮಾಡಿ, ಮೇಲಿನದನ್ನು ಬಟನ್ ಒತ್ತಿದಾಗ ಮಾತ್ರ ಬರೆಯಬಹುದು. ಸ್ಪರ್ಶವನ್ನು ಮೇಲಿನ ಸ್ಟೇಜ್‌ನಿಂದ ಕೆಳಗಿನದಕ್ಕೆ ದಾಟಿಸುವ ವ್ಯವಸ್ಥೆ ಗ್ರಂಥಾಲಯದಲ್ಲೇ ಇದೆ.

ಹೊಸದಾಗಿ ಮಾಡುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂಚಾರದ ಬಟನ್‌ಗಳನ್ನು ಕ್ಯಾನ್ವಾಸ್‌ನಿಂದ ಹೊರತೆಗೆದು ಅದರ ಮೇಲೆ ನಿಜವಾದ ಎಚ್‌ಟಿಎಂಎಲ್ ಬಟನ್‌ಗಳಾಗಿ ಇಡಬೇಕೆಂದು ಒತ್ತಿ ಹೇಳುತ್ತೇನೆ. ಅವುಗಳ ಚಿತ್ರ ಎಸ್‌ವಿಜಿ ಆಗಿರಲಿ, ಹೆಸರು ಯೂನಿಕೋಡ್ ಪಠ್ಯವಾಗಿರಲಿ. ಆಗ ಬರೆಯುವ ವೆಚ್ಚ ಬ್ರೌಸರ್‌ನ ಪಾಲಿಗೆ ಹೋಗುತ್ತದೆ, ಕೀಲಿಮಣೆಯಿಂದ ಬಟನ್ ತಲುಪಬಹುದು, ಮತ್ತು ದೃಷ್ಟಿ ಇಲ್ಲದ ವಿದ್ಯಾರ್ಥಿಗೆ ಸ್ಕ್ರೀನ್ ರೀಡರ್ ಆ ಹೆಸರನ್ನು ಕನ್ನಡದಲ್ಲಿ ಓದಿ ಹೇಳಬಲ್ಲದು. ಔಟ್‌ಲೈನ್ ಆಗಿಯೋ ಬಿಟ್‌ಮ್ಯಾಪ್ ಆಗಿಯೋ ಕ್ಯಾನ್ವಾಸ್‌ನೊಳಗೆ ಉಳಿದ ಬಟನ್‌ನಲ್ಲಿ ಅದು ತಾನಾಗಿ ಆಗುವುದಿಲ್ಲ. ಎಸ್‌ವಿಜಿ ಕಡತವನ್ನು ಸೇರಿಸುವ ಮುನ್ನ ಪಠ್ಯ ಸಂಪಾದಕದಲ್ಲಿ ತೆರೆದು ನೋಡಿ. ಒಳಗೆ ಬೇಸ್64 (ಚಿತ್ರದ ದತ್ತಾಂಶವನ್ನು ಅಕ್ಷರಗಳಾಗಿ ಬರೆಯುವ ಕ್ರಮ) ರೂಪದ ಉದ್ದನೆಯ ಅಕ್ಷರರಾಶಿ ಕಂಡರೆ, ವಿನ್ಯಾಸದ ತಂತ್ರಾಂಶವು ನೆರಳನ್ನೋ ಗ್ಲೋವನ್ನೋ ಬಿಟ್‌ಮ್ಯಾಪ್ ಮಾಡಿ ಅದರೊಳಗೆ ಹುದುಗಿಸಿದೆ ಎಂದರ್ಥ. ಅಂತಹ ಕಡತವು ಹೆಸರಿಗೆ ವೆಕ್ಟರ್ ಆಗಿದ್ದರೂ ಹಿಗ್ಗಿಸಿದಾಗ ಮಸುಕಾಗುತ್ತದೆ, ಬೇಸ್64ರ ಕಾರಣ ಮೂಲ ಚಿತ್ರಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಿನ ಗಾತ್ರವನ್ನೂ ಹೊತ್ತಿರುತ್ತದೆ. ಆ ಪರಿಣಾಮವನ್ನು ವಿನ್ಯಾಸದಿಂದಲೇ ತೆಗೆದು, ಕಡತವನ್ನು ಮತ್ತೆ ಹೊರಡಿಸಿ, ಮೇಲಿನ ಅಳತೆಗಳನ್ನು ಅದೇ ದುರ್ಬಲ ಯಂತ್ರದಲ್ಲಿ ಇನ್ನೊಮ್ಮೆ ತೆಗೆದುಕೊಳ್ಳಿ.